ಮೊಣಕಾಲು ಮಟ್ಟದ ಕಿಂಡಿ

ರಾಯಚೂರು
11 ಫೆಬ್ರುವರಿ 2024, ಭಾನುವಾರ

ಹಸೀನಾ,

ಈ ಕೈಬರಹದ ಗುರುತು ಸಿಕ್ಕಿತೋ ಇಲ್ಲವೋ. ಮೂವತ್ತೆಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಾನು ಅನ್ನಮ್ಮ, ಕೋಟೆ ಗೋಡೆಯ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದ ಹುಸೇನಪ್ಪನ ಮಗಳು. ನಿನ್ನ ತಮ್ಮ ಸಲಾವುದ್ದೀನ್ ನಿನ್ನ ಫೋನ್ ನಂಬರನ್ನೂ ಮಾನ್ವಿಯ ವಿಳಾಸವನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟ. ನಂಬರನ್ನು ಮೂರು ಸಲ ಒತ್ತಿದೆ, ಮೂರು ಸಲವೂ ನೀನು ಎತ್ತುವ ಮೊದಲೇ ಕಟ್ ಮಾಡಿದೆ. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು ಪೆನ್ನು ಹಿಡಿದಿದ್ದೇನೆ.

ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಬೀಗದ ಕೈ, ಗಂಟೆಯ ಹಗ್ಗ, ಕಸಬರಿಗೆ ಮೂರೂ ಈಗ ನನ್ನ ಪಾಲಿನವು. ಚರ್ಚಿನ ಹಿಂದಿನ ಅದೇ ಒಂದು ಕೋಣೆಯಲ್ಲಿ ಇದ್ದೇನೆ. ಗಂಡ ಇದ್ದ, ಹೋದ. ಅದು ಬೇರೆ ಕಾಗದದ ಮಾತು.

ಈಗಿನ ಮಾತು ಗೋಡೆಯದು. ಚರ್ಚು ಕಟ್ಟಿಸಿದ ಬಿಳಿ ದೊರೆಗಳು ಎಂಥ ಜಿಪುಣರೆಂದು ನಿನಗೆ ಗೊತ್ತು. ಮೂರು ಗೋಡೆ ಕಟ್ಟಿಸಿ, ನಾಲ್ಕನೆಯದಕ್ಕೆ ಕೋಟೆಯ ಗೋಡೆಗೇ ಆತುಕೊಂಡರು. ಎರಡು ಹೊಳೆಗಳ ನಡುವಿನ ಗಡಿ ಕಾಯಲು ಯಾವ ಕಾಲದಲ್ಲೋ ಎಬ್ಬಿಸಿದ ಗೋಡೆ ಅದು. ತೋಪಿಗೂ ಜಗ್ಗದ್ದು ಈಗ ಹೊಟ್ಟೆ ಬಿಟ್ಟಿದೆ. ಪಾಸ್ಟರ್ ನಿಲುವಂಗಿ ಹಾಕಿಕೊಳ್ಳುವ ಸಣ್ಣ ಕೋಣೆಯಲ್ಲಿ ಅದು ಒಂದು ಗೇಣು ಮುಂದೆ ಬಂದು ನಿಂತಿದೆ. ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು ದಿನಕ್ಕೆರಡು ಸಲ ಅಳೆಯುತ್ತೇನೆ. ಅಳೆದರೆ ನಿಲ್ಲುತ್ತದೆಯೇ? ಆದರೂ ಸುಮ್ಮನೆ ಕೂರಲಾಗುವುದಿಲ್ಲ.

ಗೋಡೆಯ ಆ ಕಡೆಯ ನಾಲ್ಕು ಮನೆಗಳ ಬಚ್ಚಲ ನೀರೇ ಕಾರಣ ಎಂದು ನಮ್ಮ ಕಮಿಟಿಯವರು ಅರ್ಜಿ ಬರೆದಿದ್ದಾರೆ. ಮೊದಲನೆಯ ಮನೆ ನಿಮ್ಮದು. ನಿನ್ನ ಅಮ್ಮಿಯೂ ಸಲಾವುದ್ದೀನನ ಸಂಸಾರವೂ ಇರುವುದು ಅಲ್ಲೇ. ಅರ್ಜಿ ಕೋಟೆ ನೋಡಿಕೊಳ್ಳುವ ಇಲಾಖೆಗೆ ಹೋದರೆ ನಾಲ್ಕೂ ಮನೆ ಕೆಡವಿಸುತ್ತಾರೆ. "ಅಲ್ಲೇ ಇರಾಕಿ ನೀನು. ಕಣ್ಣಾರೆ ಕಂಡೀನಿ ಅಂತ ಒಂದು ಸಹಿ ಹಾಕಿಬಿಡಬೇ" ಎಂದು ನನ್ನ ಬೆನ್ನು ಹತ್ತಿದ್ದಾರೆ.

ಹಸೀನಾ, ಗೋಡೆ ಉಬ್ಬಿರುವುದು ಎಲ್ಲಿ ಗೊತ್ತೇ? ನಮ್ಮ ತುಪಾಕಿ ಕಿಂಡಿ ಇದ್ದ ಜಾಗದಲ್ಲಿ. ನಿನ್ನ ಕಡೆಯಿಂದ ನಾಲಗೆ ನೀಲಿ ಮಾಡುವ ನೀರಲಹಣ್ಣು ಬಿಟ್ಟರೆ ತಾನೇ ಉರುಳಿಕೊಂಡು ಬರುತ್ತಿತ್ತು. ನಾನು ಕಳಿಸುವುದನ್ನು ಮಾತ್ರ ಆಳುದ್ದದ ಕೋಲಿನಿಂದ ತಳ್ಳಬೇಕಿತ್ತು. ಉರ್ದು ಶಾಲೆಯ ನಿನಗೆ ಕನ್ನಡ ಅಕ್ಷರ ಕಲಿಸಿದ್ದೂ ಆ ತೂತಿನಿಂದಲೇ, ಚೀಟಿಯ ಮೇಲೆ ಚೀಟಿ ತಳ್ಳಿ. ನಮಗೆ ಹದಿನಾಲ್ಕಾದ ಬೇಸಿಗೆಯಲ್ಲಿ ಅಪ್ಪ ಅದನ್ನು ಕಲ್ಲು, ಸಿಮೆಂಟು ಹಾಕಿ ಮುಚ್ಚಿದ. "ಯಾಕ ಮುಚ್ಚಿದಿ?" ಎಂದು ಕೇಳಿದ್ದಕ್ಕೆ, "ನಮ್ಮ ಗ್ವಾಡಿ, ನಾ ಮುಚ್ಚೀನಿ. ಕೇಳಾಕ ನೀ ಯಾರು?" ಎಂದ. ನಿಮ್ಮ ಆಡುಗಳು ಚರ್ಚಿನ ಹೂಗಿಡ ಮೇಯ್ದದ್ದು, ಅಪ್ಪ ಅವನ್ನು ದೊಡ್ಡಿಗೆ ಹಾಕಿಸಿದ್ದು, ನಿನ್ನ ಅಬ್ಬಾ ಬೀದಿಯಲ್ಲಿ ನಿಂತು ಕೂಗಾಡಿದ್ದು ಎಲ್ಲ ಅದೇ ವರ್ಷ. ಆ ಹಗೆಗೆ ಮುಚ್ಚಿದ. ಅದಕ್ಕಾಗಿ ಅವನನ್ನು ನಾನು ಕೊನೆಯವರೆಗೂ ಮನಸಾರೆ ಕ್ಷಮಿಸಲಿಲ್ಲ.

ಮೇಲೆ ಗಾರೆ ಬಳಿದಿರುವುದರಿಂದ ಕಿಂಡಿಯ ಗುರುತು ಯಾರಿಗೂ ಇಲ್ಲ. ಅದನ್ನು ಮುಚ್ಚಿದ್ದಕ್ಕೇ ಗೋಡೆ ಕೆಟ್ಟಿತೇನೋ ಎಂಬ ಹುಳ ನನ್ನ ತಲೆಯಲ್ಲಿ ಹೊಕ್ಕಿದೆ. ಹೇಳಿದರೆ ಅಪ್ಪನ ಹೆಸರು ಕೆಡುತ್ತದೆ. ಹೇಳದಿದ್ದರೆ ನಿಮ್ಮ ಮನೆ ಹೋಗುತ್ತದೆ. ನಾನೇನು ಮಾಡಲಿ, ನೀನೇ ಹೇಳು.

ಉತ್ತರಕ್ಕೆ ಕಾಯುತ್ತಿರುವ
ಅನ್ನಿ


ಮಾನ್ವಿ
27 ಫೆಬ್ರುವರಿ 2024

ಅನ್ನಮ್ಮ,

ಕಾಗದ ತಲುಪಿತು. ಅಕ್ಷರ ತಪ್ಪಿದ್ದರೆ ದೋಷ ನಿನ್ನದೇ, ಕಲಿಸಿದವಳು ನೀನು.

ನಾವೆಲ್ಲ ಚೆನ್ನಾಗಿದ್ದೇವೆ. ಮಗ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದಾನೆ. ಮಗಳನ್ನು ದೇವದುರ್ಗಕ್ಕೆ ಕೊಟ್ಟಿದೆ, ಈಗ ದಿನ ತುಂಬುತ್ತಿವೆ.

ಕಿಂಡಿಯ ಮಾತು ಎತ್ತಬೇಡ. ಅಮ್ಮಿಗೆ ಎಪ್ಪತ್ತೆಂಟು ವರ್ಷ, ಹಳೆಯದನ್ನು ಕೆದಕಿದರೆ ಅವರಿಗೆ ಕಷ್ಟ. ಸಹಿ ಹಾಕು ಎಂದಾಗಲಿ ಹಾಕಬೇಡ ಎಂದಾಗಲಿ ನಾನು ಹೇಳಲಾರೆ. ಒಂದು ಮಾತು ಮಾತ್ರ: ನಿನ್ನ ಅಪ್ಪನ ಬಗ್ಗೆ ಹಾಗೆ ಬರೆಯಬೇಡ.

ಇದಕ್ಕಿಂತ ಉದ್ದವಾಗಿ ಬರೆದಿದ್ದೆ, ಹರಿದುಹಾಕಿದೆ.

ಹಸೀನಾ ಬೇಗಂ


ರಾಯಚೂರು
19 ಮಾರ್ಚ್ 2024

ಹಸೀನಾ ಬೇಗಂ ಅವರಿಗೆ,

ಬ್ಯಾಂಕಿಗೆ ಬರೆದ ಹಾಗೆ ಪೂರ್ತಿ ಹೆಸರು ಹಾಕಿದ್ದೀಯಲ್ಲ, ಅದಕ್ಕೆ ನಾನೂ ಹಾಗೆಯೇ ಕರೆದೆ. ನನ್ನ ಅಪ್ಪನ ಪರ ವಕಾಲತ್ತು ವಹಿಸಲು ನೀನು ಯಾರು? ಅವನ ಮಗಳು ನಾನು. ನೀನು ಮದುವೆಯಾಗಿ ಹೋದಾಗ ನನಗೊಂದು ಮಾತು ಹೇಳಲಿಲ್ಲ. ವಾದ್ಯದ ಸದ್ದು ಕೇಳಿ, ಮುಚ್ಚಿದ ಗೋಡೆಗೆ ಕಿವಿ ಇಟ್ಟು ನಿಂತಿದ್ದೆ.

ಸಹಿ ಹಾಕಿದೆ.

ಮೊದಲು ಅದನ್ನು ಹೇಳಬೇಕಿತ್ತು, ಜಗಳ ತೆಗೆದೆ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಮಿಟಿಯವರು ಕೂರಿಸಿಕೊಂಡರು. ನಲವತ್ತೊಂದು ವರ್ಷ ಗಂಟೆ ಹೊಡೆದ ಹುಸೇನಪ್ಪನ ಹೆಸರಿನಲ್ಲಿ ಬಾಗಿಲ ಪಕ್ಕ ಒಂದು ಕಲ್ಲಿನ ಹಲಗೆ ಹಾಕಿಸುತ್ತಾರಂತೆ. ಮೊಹರಮ್ಮಿನಲ್ಲಿ ಅಜ್ಜಿ ಹರಕೆ ಹೊತ್ತು ಇಟ್ಟ ಹೆಸರು ಅದು. ದೀಕ್ಷಾಸ್ನಾನದಲ್ಲಿ ಬೇರೆ ಹೆಸರು ಕೊಟ್ಟರೂ ಊರು ಕೊನೆಯವರೆಗೆ ಹುಸೇನಪ್ಪ ಎಂದೇ ಕರೆಯಿತು. "ಯಾವ ಹೆಸರು ಬರೆಸೋದವ್ವಾ, ನೀನೇ ಹೇಳು" ಎಂದು ಮೆತ್ತಗೆ ಕೇಳಿದರು. ಹಿಂದೆಯೇ ಅರ್ಜಿಯನ್ನು ಮುಂದಿಟ್ಟರು. ಪೆನ್ನೂ ಅವರದೇ.

ಮರುದಿನ ನಲ್ಲಿಯ ಹತ್ತಿರ ಸಲಾವುದ್ದೀನ್ ಸಿಕ್ಕ. "ಅಕ್ಕಾ, ನಮ್ಮ ಹಸೀನಾ ಅಕ್ಕಗ ಕಾಗದ ಹಾಕಿದ್ರೇನ್ರೀ?" ಎಂದು ನಗುತ್ತ ಕೇಳಿದ. ನನ್ನ ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದೆ.

ಅಪ್ಪ ಹಾಸಿಗೆ ಹಿಡಿದಿದ್ದಾಗ ವಾರಕ್ಕೊಮ್ಮೆಯಾದರೂ, "ಆ ಸಲಾವುದ್ದೀನ ಆರಾಮ ಅದಾನೇನು?" ಎಂದು ಕೇಳುತ್ತಿದ್ದ. ಹಳೆಯ ಹಗೆ ಇನ್ನೂ ಆರಿಲ್ಲ ಎಂದುಕೊಂಡು, "ನಿನಗ್ಯಾಕ ಬೇಕು ಅದು?" ಎಂದು ಗದರುತ್ತಿದ್ದೆ. ಕೊಡ ಹೊತ್ತು ಬರುವಾಗ ಯಾಕೋ ಅದು ನೆನಪಾಯಿತು.

ಬೈಯುವುದಿದ್ದರೆ ಬೈದು ಬರೆ. ಸುಮ್ಮನೆ ಮಾತ್ರ ಇರಬೇಡ.

ಅನ್ನಮ್ಮ


ರಾಯಚೂರು
22 ಏಪ್ರಿಲ್ 2024

ಹಸೀನಾ,

ನೀನು ಸುಮ್ಮನಿದ್ದೀಯ. ಇರಲಿ, ನನಗೆ ತಕ್ಕದ್ದೇ.

ನಾಲ್ಕೂ ಮನೆಗಳಿಗೆ ನೋಟಿಸು ಬಂದಿದೆ. ಜೂನ್ ಹದಿನೈದರೊಳಗೆ ಖಾಲಿ ಮಾಡಬೇಕಂತೆ. ಸಲಾವುದ್ದೀನನ ಹೆಂಡತಿ ಟ್ರಂಕು ಹೊರಗಿಟ್ಟು ಬಿಸಿಲಿಗೆ ಒಣಗಿಸುತ್ತಿದ್ದಳು. ನಿನ್ನ ಅಮ್ಮಿ ಮಾತ್ರ ಹೊಸ್ತಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

ಕಲ್ಲೂರಿನಿಂದ ಹಂಪಯ್ಯ ಎಂಬ ಹಳೆಯ ಗಾರೆ ಕೆಲಸದವನನ್ನು ಕಮಿಟಿಯವರು ಗೋಡೆ ನೋಡಲು ಕರೆಸಿದ್ದರು. ವೈದ್ಯರು ಎದೆ ತಟ್ಟಿದ ಹಾಗೆ ಬೆರಳ ಗೆಣ್ಣಿನಿಂದ ಗೋಡೆಯನ್ನೆಲ್ಲ ತಟ್ಟುತ್ತ ಬಂದು, ಆ ಜಾಗದಲ್ಲಿ ನಿಂತುಬಿಟ್ಟ. ತೇವವನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದ.

"ಇದು ಬಚ್ಚಲ ನೀರಲ್ಲಬೇ. ಬಚ್ಚಲದ್ದಾದ್ರ ಸಾಬೂನು ನಾರ್ತಿತ್ತು. ಇದು ಮಳಿ ನೀರು, ಆ ಕಡಿ ಮಣ್ಣಾಗ ಇಳಿದು ಇಳಿದು ಬಂದದ್ದು. ಹೊರಗ ಹೋಗಾಕ ಹಾದಿ ಇಲ್ಲ, ಗ್ವಾಡಿಯೊಳಗ ಕುಂತದ. ಇಲ್ಲೊಂದು ಕಿಂಡಿ ಇರಬೇಕಲ್ಲ?"

"ಮೊದಲೊಂದು ತುಪಾಕಿ ಕಿಂಡಿ ಇತ್ತಂತ" ಎಂದೆ.

ಹಂಪಯ್ಯ ನಕ್ಕ. "ನಿಮ್ಮ ಕೋಟಿ ಮಂದಿಗಿ ಗ್ವಾಡ್ಯಾಗ ತೂತು ಕಂಡ್ರ ಸಾಕು, ತುಪಾಕಿ ಅಂತೀರಿ. ತುಪಾಕಿ ಕಿಂಡಿ ಎದಿ ಮಟ್ಟ ಇರ್ತದ. ಮೊಣಕಾಲಿಂದ ಯಾರು ಗುಂಡು ಹೊಡೀತಾರ? ಇದು ನೀರ್ ಕಿಂಡಿ. ಕೆಳಗ ನೋಡು, ಅದಕ್ಕಂತ ಕಲ್ಲಿನ ಕಾಲಿವಿ ಕೊರದಾರ."

ಕೆಳಗಿನ ಆ ಕಾಲುವೆ ಯಾಕಿದೆ ಎಂದು ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ನಾನು ಕಸಬರಿಗೆ ಇಡುತ್ತಿದ್ದೆ. ದೊರೆಗಳು ಜಿಪುಣರಾದರೂ ದಡ್ಡರಲ್ಲ, ಗೋಡೆಯ ನೀರಿಗೆ ದಾರಿ ಬಿಟ್ಟೇ ಚರ್ಚು ಕಟ್ಟಿದ್ದರು. ನಮಗಾದರೂ ಹೊಳೆಯಬೇಡವೇ ಹಸೀನಾ? ಹಣ್ಣು ನಿನ್ನ ಕಡೆಯಿಂದ ತಾನೇ ಉರುಳಿ ಬರುತ್ತಿತ್ತಲ್ಲ.

"ಯಾರು ಮುಚ್ಚಿದ್ರು?" ಎಂದು ಹಂಪಯ್ಯ ಕೇಳಿದ.

"ಗೊತ್ತಿಲ್ಲ" ಎಂದೆ. ಸಹಿಯ ಮೇಲೆ ಇದೊಂದು ಸುಳ್ಳು.

ಅವನು ಹೇಳಿದ್ದನ್ನು ಕಮಿಟಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿಂಡಿ ಇತ್ತೆನ್ನಲು ಪುರಾವೆ ಎಲ್ಲಿ, ಒಡೆದು ನೋಡೋಣವೆಂದರೆ ಕೋಟೆಯ ಒಂದು ಕಲ್ಲು ಮುಟ್ಟಲೂ ಅಪ್ಪಣೆ ಬೇಕು ಎಂದರು. ಅನ್ನ ಸೇರುತ್ತಿಲ್ಲ. ಕೋಣೆಯಿಂದ ಚರ್ಚಿಗೆ, ಚರ್ಚಿನಿಂದ ಕೋಣೆಗೆ ತಿರುಗುವುದೇ ಕೆಲಸವಾಗಿದೆ.

ಅನ್ನಿ


ರಾಯಚೂರು
14 ಮೇ 2024

ಹಸೀನಾ,

ಮೊನ್ನೆ ಭಾನುವಾರ ಹೇಳಿಬಿಟ್ಟೆ.

ಪ್ರಾರ್ಥನೆ ಮುಗಿದು ಎಲ್ಲರೂ ಏಳುವಾಗ ನಾನು ಗಂಟೆ ಹೊಡೆಯಬೇಕು. ಹೊಡೆಯಲಿಲ್ಲ. ಜನ ತಿರುಗಿ ನೋಡಿದರು. ಹಗ್ಗ ಹಿಡಿದುಕೊಂಡೇ, "ಸಹಿ ಹಿಂದಕ್ಕ ತಗೊಂತೀನಿ. ನಾ ಕಂಡದ್ದು ಬಚ್ಚಲ ನೀರಲ್ಲ. ಕಿಂಡಿ ಇತ್ತು, ನಮ್ಮಪ್ಪ ಮುಚ್ಚಿದ, ನಾ ಕಣ್ಣಾರೆ ಕಂಡೀನಿ" ಎಂದೆ. ಯಾಕೆ ಮುಚ್ಚಿದ ಎಂದು ಕೇಳಿದರು. ಆಡಿನ ಜಗಳದ ಹಗೆ ಎಂದೆ.

ಕಮಿಟಿಯ ಹಿರಿಯರು ಎದ್ದು ನಿಂತರು. "ಸತ್ತ ಅಪ್ಪನ ಮ್ಯಾಲ ಹಾಕ್ತಿಯಲ್ಲಬೇ, ನಾಚಿಕಿ ಬರೋದಿಲ್ಲೇನು? ಆ ಮನಿಯವರು ನಿನಗೇನು ಕೊಟ್ಟಾರ?"

ಅವರು ನನಗೆ ನೀರಲಹಣ್ಣು ಕೊಟ್ಟಿದ್ದರು ಎನ್ನಬೇಕೆನಿಸಿತು.

ಕಲ್ಲಿನ ಹಲಗೆಯ ಮಾತು ಅಲ್ಲಿಗೆ ಮುಗಿಯಿತು. ಜೂನ್ ಕಳೆದ ಮೇಲೆ ಬೀಗದ ಕೈಯನ್ನು ಬೇರೆಯವರಿಗೆ ಕೊಡುವ ಮಾತೂ ನಡೆದಿದೆ. ಬೀಗದ ಕೈ ಹೋದರೆ ಕೋಣೆಯೂ ಹೋದಂತೆ. ಪಾಸ್ಟರ್ ಒಬ್ಬರೇ, "ಇನ್ನೊಬ್ಬರ ಸಾಕ್ಷಿ ಸಿಕ್ಕರೆ ಇಲಾಖೆಯ ಇಂಜಿನಿಯರಿಗೆ ನಾನೇ ಬರೆಯುತ್ತೇನೆ" ಎಂದರು.

ಇನ್ನೊಬ್ಬ ಸಾಕ್ಷಿ ನೀನು. ನನ್ನ ಮೇಲಿನ ಸಿಟ್ಟನ್ನು ಆಮೇಲೆ ತೀರಿಸಿಕೋ. ಒಂದೇ ಒಂದು ಸಾಲು ಬರೆದು ಕಳಿಸು: ಕಿಂಡಿ ಇತ್ತು, ಹುಸೇನಪ್ಪ ಮುಚ್ಚಿದ.

ಅನ್ನಿ


ದೇವದುರ್ಗ
30 ಮೇ 2024

ಅನ್ನಿ,

ನಾನು ಸಿಟ್ಟಾಗಿ ಸುಮ್ಮನಿರಲಿಲ್ಲ. ಮಾರ್ಚಿನಿಂದ ದೇವದುರ್ಗದಲ್ಲೇ ಇದ್ದೇನೆ, ಮಗಳ ಬಾಣಂತನ. ನಿನ್ನ ಮೂರೂ ಕಾಗದ ಮಾನ್ವಿಯ ಮನೆಯಲ್ಲಿ ಕಪಾಟಿನ ಮೇಲೆ ಕುಳಿತಿದ್ದವು. ನಿನ್ನೆ ಮಗ ಕೂಸನ್ನು ನೋಡಲು ಬಂದಾಗ ಒಟ್ಟಿಗೆ ತಂದುಕೊಟ್ಟ. ನೋಟಿಸಿನ ಸುದ್ದಿಯನ್ನು ಸಲಾವುದ್ದೀನ್ ನನಗೆ ಹೇಳಿರಲಿಲ್ಲ. ಬಾಣಂತಿಯ ಮನೆ ಎಂದು ಮುಚ್ಚಿಟ್ಟಿದ್ದಾನೆ. ನಮ್ಮ ಮನೆತನವೇ ಹಾಗೆ, ಒಳ್ಳೆಯದಕ್ಕೆಂದು ಮುಚ್ಚಿಡುತ್ತೇವೆ.

ಈಗ ನಾನು ಮುಚ್ಚಿಟ್ಟದ್ದನ್ನು ಕೇಳು.

ನಿನ್ನ ಅಪ್ಪ ಹಗೆಗೆ ಕಿಂಡಿ ಮುಚ್ಚಲಿಲ್ಲ. ಆ ಬೇಸಿಗೆಯಲ್ಲಿ ಸಲಾವುದ್ದೀನ್ ನಲವತ್ತು ದಿನದ ಕೂಸು. ತೊಟ್ಟಿಲನ್ನು ಗೋಡೆಯ ಪಕ್ಕದಲ್ಲೇ ಕಟ್ಟಿದ್ದೆವು, ತಂಪು ಎಂದು. ಒಂದು ಮಧ್ಯಾಹ್ನ ಕಿಂಡಿಯಿಂದ ಹಾವು ಬಂತು. ತೊಟ್ಟಿಲ ಹಗ್ಗಕ್ಕೆ ಸುತ್ತಿಕೊಂಡದ್ದನ್ನು ನಾನೇ ಮೊದಲು ಕಂಡೆ. ಅಮ್ಮಿಯ ಸೆರಗು ಜಗ್ಗಿ ತೋರಿಸಿದೆ. ಅಮ್ಮಿ ಕೂಸನ್ನು ಎಳೆದುಕೊಂಡರು, ಹಾವು ತಿರುಗಿ ಕಿಂಡಿಯೊಳಗೆ ಹೋಯಿತು.

ನಮ್ಮ ಕಡೆ ಬಟ್ಟೆ ತುರುಕಿದೆವು, ಕಲ್ಲು ಇಟ್ಟೆವು, ನಿಲ್ಲಲಿಲ್ಲ. ನಿಮ್ಮ ಕಡೆಯಿಂದ ಮುಚ್ಚಿದರೆ ಮಾತ್ರ ಭದ್ರ. ಆದರೆ ಆಡಿನ ಜಗಳವಾದ ಮೇಲೆ ಅಬ್ಬಾ, "ಆ ಚರ್ಚಿನವರ ಹತ್ರ ಒಂದು ಬೊಗಸಿ ನೀರು ಕೇಳಿದ್ರೂ ಈ ಮನಿ ಮೆಟ್ಟಬ್ಯಾಡ್ರಿ" ಎಂದಿದ್ದರು. ಅಬ್ಬಾ ಹತ್ತಿ ಮಿಲ್ಲಿಗೆ ಹೋದ ಹೊತ್ತು ನೋಡಿ, ಅಮ್ಮಿ ಬುರ್ಖಾ ಹಾಕಿಕೊಂಡು ನನ್ನ ಕೈ ಹಿಡಿದು, ಕೋಟೆ ಬಾಗಿಲು ಸುತ್ತಿ ನಿಮ್ಮ ಚರ್ಚಿನ ಗೇಟಿಗೆ ಬಂದರು. ಒಳಗೆ ಕಾಲಿಡಲಿಲ್ಲ. ನಿನ್ನ ಅಪ್ಪ ಗೇಟಿಗೆ ಬಂದು ಎಲ್ಲ ಕೇಳಿದರು.

"ಇಷ್ಟಕ್ಯಾಕ ಅಳ್ತಿಯವ್ವಾ? ತುಪಾಕಿ ಕಿಂಡಿ ಅದು. ನಿಜಾಮನೇ ಹ್ವಾದ, ಇನ್ಯಾರಿಗಿ ಗುಂಡು ಹೊಡಿಯೋದದ? ಈಗಿಂದೀಗ ಮುಚ್ಚತೀನಿ" ಎಂದರು.

"ನಮ್ಮವರಿಗೆ ಗೊತ್ತಾಗಬಾರದಣ್ಣಾ" ಎಂದರು ಅಮ್ಮಿ.

"ಗೊತ್ತಾಗೋದಿಲ್ಲ. ಯಾರು ಕೇಳಿದ್ರೂ ನನ್ನ ಮನಸಿಗಿ ಬಂತು, ಮುಚ್ಚೀನಿ ಅಂತೀನಿ."

ಉರಿಬಿಸಿಲಲ್ಲಿ ಅಂದೇ ಮುಚ್ಚಿದರು. ಅಮ್ಮಿ ನನ್ನ ಕೈಯನ್ನು ಕೂಸಿನ ತಲೆಯ ಮೇಲೆ ಇಡಿಸಿ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿದರು. ನಿನಗೆ ಹೇಳಿದರೆ ನೀನು ಊರಿಗೆಲ್ಲ ಹೇಳುತ್ತೀಯ ಎಂದು ನನಗೂ ಗೊತ್ತಿತ್ತು. ಸಿಟ್ಟಾಗಬೇಡ, ಆಗ ನೀನು ಹಾಗೆಯೇ ಇದ್ದೆ. ಅಬ್ಬಾ ತೀರಿಕೊಂಡ ಮೇಲಾದರೂ ಹೇಳಬಹುದಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನೀನು ಕೇಳಿದರೆ ಯಾವ ಮುಖ ಇಟ್ಟುಕೊಂಡು ಉತ್ತರ ಕೊಡಲಿ ಎನ್ನುವುದರಲ್ಲೇ ಮತ್ತಷ್ಟು ವರ್ಷ ಕಳೆದವು.

ನೀನು ಬರೆದದ್ದನ್ನು ಓದಿ ನಿನ್ನೆಯಿಂದ ಕಣ್ಣು ಒಣಗಿಲ್ಲ. ಅವರು ಸಲಾವುದ್ದೀನನನ್ನು ಕೇಳುತ್ತಿದ್ದದ್ದು ಹಗೆಗಲ್ಲ.

ಈ ಕಾಗದವನ್ನು ಅಮ್ಮಿಗೆ ಓದಿ ಹೇಳು. ಅವರು ಬೇಡ ಎಂದರೆ ಹರಿದುಹಾಕು, ಹೂಂ ಎಂದರೆ ಎಲ್ಲಿ ಬೇಕಾದರೂ ತೋರಿಸು.

ನಿನ್ನ
ಹಸೀನಾ


ರಾಯಚೂರು
24 ಜೂನ್ 2024

ಹಸೀನಾ,

ನಿನ್ನ ಕಾಗದ ಬಂದ ದಿನ ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಗೋಡೆ ಉಬ್ಬಿದ ಆ ಕೋಣೆಯಲ್ಲಿ ಕುಳಿತಿದ್ದೆನೋ ತಿಳಿಯದು. ಐದು ಗಂಟೆಗೆ ಹೊಡೆಯಬೇಕಾದ ಗಂಟೆ ಆರಕ್ಕೆ ಹೊಡೆದೆ. ಆಮೇಲೆ ನಿಮ್ಮ ಮನೆಗೆ ಹೋದೆ.

ಅಮ್ಮಿ ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ, "ಹುಸೇನಪ್ಪಣ್ಣ ಸತ್ತಾಗ ಮಣ್ಣಿಗಿ ಬರಬೇಕಂತ ಚಪ್ಪಲಿ ಮೆಟ್ಟಿದ್ದೆ. ಮೆಟ್ಟಿ, ಬಿಟ್ಟೆ. ಕೊಡು ಈಗ ಚಪ್ಪಲಿ" ಎಂದರು.

ನಡುವೆ ಒಂದೇ ಗೋಡೆ ಇದ್ದರೂ ಕೋಟೆ ಬಾಗಿಲು ಸುತ್ತಿ ಬರಬೇಕಲ್ಲ. ಅರ್ಧ ತಾಸು ಹಿಡಿಯಿತು, ಮೂರು ಕಡೆ ಕುಳಿತರು. ಪಾಸ್ಟರ್ ಎದುರು ನಡೆದದ್ದನ್ನೆಲ್ಲ ಹೇಳಿ ಹೆಬ್ಬೆಟ್ಟು ಒತ್ತಿದರು. ಕಮಿಟಿಯ ಹಿರಿಯರೂ ಇದ್ದರು. "ಹಂಗಾದ್ರ ತಪ್ಪು ನಿಮ್ಮದೂ ಆತಲ್ಲ" ಎಂದರು. ಅಮ್ಮಿ, "ಆತು. ಇಬ್ಬರಿಗೂ ನೀರಿನ ಖಬರ ಇರಲಿಲ್ಲ. ಕೂಸಿನ ಖಬರ ಇತ್ತು" ಎಂದರು.

ಪಾಸ್ಟರ್ ಬರೆದರು, ನೋಟಿಸಿನ ಗಡುವು ಮುಂದೆ ಹೋಯಿತು, ಇಂಜಿನಿಯರ್ ಅಪ್ಪಣೆ ತರಿಸಿಕೊಂಡು ತಾವೇ ಬಂದರು. ಅಷ್ಟರಲ್ಲಿ ಎರಡು ದೊಡ್ಡ ಮಳೆ ಆಗಿಹೋಗಿತ್ತು, ಗೋಡೆ ನನ್ನ ಸೀಮೆಸುಣ್ಣದ ಗೆರೆ ದಾಟಿತ್ತು. ಮೊನ್ನೆ ಶನಿವಾರ ಹಂಪಯ್ಯ ಗಾರೆ ಕೆತ್ತಿದ. ಅಪ್ಪ ಎಂಥ ಗಟ್ಟಿ ಕೆಲಸ ಮಾಡಿದ್ದನೆಂದರೆ, ಎರಡು ಉಳಿ ಮುರಿದವು. "ಯಾವ ಮಗನೋ ಏನೋ, ಜೀವ ಇಟ್ಟು ಮುಚ್ಚ್ಯಾನ" ಎಂದ. ಕಲ್ಲು ಸಡಿಲಾಯಿತು. ಮೊದಲು ಸ್ವಲ್ಪ ಮಣ್ಣು ಬಂತು. ಆಮೇಲೆ ನೀರು, ಚಹಾದ ಬಣ್ಣದ್ದು, ಕಾಲುವೆ ತುಂಬಿ ನನ್ನ ಪಾದದ ಮೇಲೆ ಹರಿದು ಅಂಗಳದ ಬೇವಿನ ಬುಡಕ್ಕೆ ಹೋಯಿತು. ಇವತ್ತಿಗೂ ತೊಟ್ಟಿಕ್ಕುತ್ತಿದೆ. ನೋಟಿಸನ್ನು ಸದ್ಯಕ್ಕೆ ತಡೆದಿದ್ದಾರೆ. ಅದು ಪೂರ್ತಿ ರದ್ದಾಗುವುದು ಗೋಡೆ ಒಣಗಿದ ಮೇಲಂತೆ. ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಹಲಗೆಯ ಮಾತು ಯಾರೂ ಎತ್ತಿಲ್ಲ, ನಾನೂ ಕೇಳಿಲ್ಲ.

ಹಾವು ಬರದ ಹಾಗೆ ಸಲಾವುದ್ದೀನ್ ಆ ಕಡೆ ಕಬ್ಬಿಣದ ಜಾಳಿಗೆ ಕೂರಿಸುತ್ತಾನಂತೆ. ನೀನು ಬಂದು ಹೋಗುವವರೆಗೆ ತಡಿ ಎಂದು ಅವನಿಗೆ ಹೇಳಿದ್ದೇನೆ. ಬೇವಿನ ಕೋಲೊಂದನ್ನು ಸವರಿ ಮೂಲೆಯಲ್ಲಿ ಇಟ್ಟಿದ್ದೇನೆ.

ನಿನ್ನೆ ಸಂಜೆ ಅಪ್ಪನ ಸಮಾಧಿಗೆ ಹೋಗಿದ್ದೆ. ವರ್ಷಕ್ಕೊಮ್ಮೆ ಹುಲ್ಲು ಕಿತ್ತು ಬರುತ್ತಿದ್ದೆನೇ ಹೊರತು ಒಂದು ದಿನವೂ ಮಾತಾಡಿಸಿರಲಿಲ್ಲ. ಕ್ಷಮಿಸು ಎನ್ನಬೇಕೆಂದು ದಾರಿಯುದ್ದಕ್ಕೂ ಕಲಿತುಕೊಂಡು ಹೋದೆ. ಅಲ್ಲಿ ಕುಳಿತ ಮೇಲೆ ಬಾಯಿಗೆ ಬಂದದ್ದು ಬೇರೆಯೇ.

"ಯಪ್ಪಾ, ಸಲಾವುದ್ದೀನ ಆರಾಮ ಅದಾನ" ಎಂದೆ.

ನಿನ್ನ
ಅನ್ನಿ


ಗೋಡೆಯ ಈ ಕಡೆ
7 ಜುಲೈ 2024, ಭಾನುವಾರ, ಗಂಟೆ ಹೊಡೆದ ಮೇಲೆ

ಅನ್ನಿ,

ಬೆಳಗಿನ ಬಸ್ಸಿಗೆ ಬಂದೆ. ಕೋಟೆ ಬಾಗಿಲು ಸುತ್ತಿ ನಿನ್ನ ಹತ್ತಿರ ಬರಬೇಕೆಂದು ಹೊರಟಿದ್ದೆ, ಅಮ್ಮಿ ತಡೆದರು. ಮೊದಲು ಕಿಂಡಿಯಿಂದ ಕಳಿಸು ಎಂದರು.

ಹನ್ನೆರಡು ನೀರಲಹಣ್ಣು ಬಿಟ್ಟಿದ್ದೇನೆ, ಈ ಚೀಟಿ ಕೊನೆಯ ಹಣ್ಣಿನ ಹಿಂದೆ. ತಾವೇ ಉರುಳಿ ಬಂದಿರಬೇಕು. ನೆಲದ ಮೇಲೆ ಕುಳಿತಿದ್ದೇನೆ, ಮೊಣಕಾಲು ಮಡಚಲು ಬರುವುದಿಲ್ಲ, ಬೇಗ ಮಾಡು.

ಈಗ ನಿನ್ನ ಸರದಿ. ಕೋಲು ತಗೋ.

ಹಸೀನಾ